ಸಂದೇಶಣ್ಣನ ಬಿಗಿ ಪ್ಯಾಂಟು

ಮನಾಲಿ, ಸೋಮವಾರ

ಐನಾಪುರದ ನಮ್ಮ ವೈನಿಗೆ ಜಯ ಜಿನೇಂದ್ರ.

ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಗಂಡ, ನಮ್ಮ ಸಂದೇಶಣ್ಣ, ಇಲ್ಲಿ ನನ್ನ ಪಕ್ಕದಲ್ಲೇ ಕೂತಿರುತ್ತಾನೆ. ಅದಕ್ಕೇ ಈ ಕಾರ್ಡು. ಗುಡ್ಡದಲ್ಲಿ ಸೈಕಲ್ ಹೊಡೆಯಲೆಂದು ನಿಪ್ಪಾಣಿಯಲ್ಲಿ ಬಿಗಿ ಪ್ಯಾಂಟು ಕೊಂಡನಲ್ಲ, ಅದರ ಕಥೆ ಕೇಳಿ. ಅಂಗಡಿಯ ಗಾದಿಯ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡದೆ ನಮ್ಮ ಮನೆಯಲ್ಲಿ ಯಾರೂ ಪ್ಯಾಂಟು ಕೊಳ್ಳುವುದಿಲ್ಲ. "ಒಮ್ಮೆ ಕುಂತ್ ನೋಡೋ ಅಣ್ಣಾ" ಎಂದು ನಾನೂ ಹೇಳಿದೆ. ಮಹಾಶಯ ಕನ್ನಡಿ ಬಿಟ್ಟು ಕದಲಲಿಲ್ಲ.

"ಕುಂದ್ರಾಕ ನಾ ಏನ್ ಕಬ್ಬಿನ್ಯಾಗ ಕಸಾ ತಗ್ಯಾಕ ಹೊಂಟೇನೇನ? ನಿಂದೇನ್ ಪ್ಯಾಂಟೋ, ಗೋಣಿಚೀಲೋ?" ಎಂದು ಮೊಣಕಾಲಿಗೆ ಸಡಿಲಾದ ನನ್ನ ದಪ್ಪ ಪ್ಯಾಂಟನ್ನೇ ಆಡಿಕೊಂಡ.

ಇಂದು ಮೊದಲ ಏರಿನಲ್ಲೇ ಪೆಡಲಿಗೆ ಕಾಲೆತ್ತಿದ, ಹಿಂದೆ ಪರ್ರೆಂದು ಹರಿಯಿತು. ಹಿಮದ ಬೆಟ್ಟ ನೋಡಲು ಬಂದವರೆಲ್ಲ ಅಣ್ಣನನ್ನು ನೋಡಿದರು. ನನ್ನ ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡು ಸೈಕಲ್ ತಳ್ಳುತ್ತ ಇಳಿದ. ಸ್ವೆಟರಿಲ್ಲದೆ ನನಗೆ ನೆಗಡಿಯಾಗಿದೆ. ಅವನಿಗೆ ಏನೂ ಆಗಿಲ್ಲ, ನಾಚಿಕೆ ಕೂಡ.

ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು. ಅವನು ನಿಮಗೆ ಕಳಿಸಿದ ಫೋಟೊ ಎದುರಿನಿಂದ ತೆಗೆದದ್ದು. ಹಿಂದಿನಿಂದ ತೆಗೆದದ್ದು ನನ್ನ ಹತ್ತಿರ ಭದ್ರವಾಗಿದೆ.

ನಿಮ್ಮ ನಾದಿನಿ,
ತೃಪ್ತಿ