ಹಳ್ಳದ ದಂಡೆಯಲ್ಲಿ ಸಿಕ್ಕ ಯಲ್ಲಕ್ಕನ ಟಿ.ವಿ.

ಇ-ತ್ಯಾಜ್ಯ ವಿಲೇವಾರಿಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಶಾಸ್ತ್ರೋಕ್ತವಾಗಿ ಮರುಬಳಕೆಯಾಗಿವೆ ಎಂದು ನೀವು ವರದಿ ಬರೆದ ನಮ್ಮೂರ ಹಳೆಯ ಟಿ.ವಿ., ಮೊಬೈಲುಗಳು ಹುಕ್ಕೇರಿ ಕಡೆಯ ಹಳ್ಳವೊಂದರಲ್ಲಿ ಸುಟ್ಟು ಬಿದ್ದಿವೆ. ಅಭಿನಂದನೆಗಳು. ಬೆಂಕಿಗಿಂತ ಸಮರ್ಪಕವಾದ ವಿಲೇವಾರಿ ಇನ್ನಾವುದಿದೆ?

ನಾನು ಅಂಕಲಗಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಟಿ.ವಿ. ರಿಪೇರಿ ಮಾಡುವವನು. ಕಳೆದ ಶ್ರಾವಣದಲ್ಲಿ ನೀವು ಬಂದು, ಪಂಚಾಯಿತಿ ಮುಂದೆ ಹಸಿರು ಪೆಟ್ಟಿಗೆ ಇಡಿಸಿ, ಇದರಲ್ಲಿ ಹಾಕಿದ್ದು ಮಣ್ಣಿಗೂ ಸೇರದು, ನೀರಿಗೂ ಸೇರದು ಎಂದು ಘೋಷಿಸಿದಿರಿ. ನಾನು ನಂಬಿದೆ. ಮನೆಮನೆಗೆ ಹೋಗಿ ಕೆಟ್ಟ ಸೆಟ್ಟುಗಳನ್ನು ಕೇಳಿ ತಂದೆ. ಕುರಿ ಕಾಯುವ ಯಲ್ಲಕ್ಕನಿಗೆ, ಗಂಡ ಬದುಕಿದ್ದಾಗ ಕೊಂಡ ಟಿ.ವಿ.ಯನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. "ಒಳಗ ವಿಷ ಇರತೈತಿ ಯಕ್ಕಾ, ಸಾಹೇಬ್ರು ಚೊಲೊ ಜಾಗಾಕ್ಕ ಕಳಸ್ತಾರ" ಎಂದು ಒಪ್ಪಿಸಿದವನು ನಾನೇ.

ಹೋದ ತಿಂಗಳು ಅವಳು ಹಿಂಡು ಹೊಡೆದುಕೊಂಡು ಹುಕ್ಕೇರಿ ಕಡೆ ಹೋಗಿದ್ದಳು. ಹಳ್ಳದ ನೀರು ಕುಡಿದ ಹನ್ನೊಂದು ಕುರಿಗಳು ಎರಡೇ ದಿನದಲ್ಲಿ ಸತ್ತವು. ವಿಷ ಎಂದರು ಪಶುವೈದ್ಯರು. ಸುದ್ದಿ ತಿಳಿದು ಓಡಿಹೋದೆ. ದಂಡೆಯ ಮೇಲೆ ತಾಮ್ರಕ್ಕಾಗಿ ಸುಟ್ಟ ತಂತಿಗಳ ಕರಿ ಗುಡ್ಡೆ; ಪಕ್ಕದಲ್ಲಿ, ನೀರಿಗೇ ಬಗ್ಗಿಸಿಟ್ಟ ಆಸಿಡ್ ಕ್ಯಾನುಗಳು. ಅರ್ಧ ಕರಗಿದ ಟಿ.ವಿ.ಯೊಂದರ ಹಿಂಬದಿಯಲ್ಲಿ ನನ್ನದೇ ಕೈಬರಹವಿತ್ತು.

"ಏನ್ ಬರದೈತೋ ಭೀಮಶಿ?" ಎಂದಳು ಯಲ್ಲಕ್ಕ.

"ನಿನ್ನ ಹೆಸರ, ಯಕ್ಕಾ. ರಿಪೇರಿ ಮಾಡಿದಾಗ ಬರದಿದ್ನಿ."

ಅವಳು ಆ ಅಕ್ಷರಗಳ ಮೇಲಿನ ಮಸಿಯನ್ನು ಸೆರಗಿನಿಂದ ಒರೆಸಿದಳು. "ಹಂಗಾದ್ರ ನಮ್ಮನ್ಯಾಗಿನ ವಿಷಾನ ನಮ್ಮ ಕುರಿ ಕುಡದಾವೇನೋ?"

ಉತ್ತರ ನಿಮ್ಮಲ್ಲಿದ್ದೀತೆಂದು ಆ ಸುಟ್ಟ ಟಿ.ವಿ.ಯನ್ನು ಹೊತ್ತು ಇಬ್ಬರೂ ನಿಮ್ಮ ಕಚೇರಿಗೆ ಬಂದೆವು. ಕಡತ ತೆರೆದು, ಅಂಕಲಗಿಯ ಸಾಮಾನೆಲ್ಲ ಮರುಬಳಕೆಯಾಗಿ ಮುಗಿದಿದೆ ಎಂದಿರಿ.

"ಮುಗದಿದ್ರ ನನ್ನ ಕೈಯಾಗ ಇರೂದು ಏನ್ರಿ ಸಾಹೇಬ್ರ?" ಎಂದಳು ಅವಳು.

ತಮ್ಮ ಉತ್ತರ ನನಗೆ ಬಾಯಿಪಾಠವಾಗಿದೆ: "ಟೇಬಲ್ ಮೇಲೆ ಮಸಿ ಬೀಳುತ್ತೆ, ಹೊರಗಿಡಮ್ಮ."

ಹಸಿರು ಪೆಟ್ಟಿಗೆಯ ಸಾಮಾನು ತುಂಬಿಕೊಂಡು ಹೋದ ಲಾರಿ ಯಾರದು, ಯಾರ ಸಹಿಯ ಮೇಲೆ ಹೊರಟಿತು ಎಂದು ಕೇಳುವ ಕುತೂಹಲವಾದರೂ ಬೇಡವೇ? ಟೇಬಲ್ಲಿನ ಮೇಲಿರುವ ಕಾಳಜಿಯ ಕಾಲುಭಾಗ ಹಳ್ಳದ ಮೇಲಿದ್ದಿದ್ದರೆ! ಇಷ್ಟು ನಿಶ್ಚಿಂತೆ ಯಾವ ಪರೀಕ್ಷೆ ಪಾಸು ಮಾಡಿದವರಿಗೆ ಬರುತ್ತದೋ ತಿಳಿಸಿ, ನಮ್ಮ ಮಕ್ಕಳು ಅದಕ್ಕೆ ಕೂರದಂತೆ ನೋಡಿಕೊಳ್ಳುತ್ತೇವೆ.

ಹಳ್ಳದ ನೀರು, ಮಣ್ಣು ಪರೀಕ್ಷಿಸಿ, ಫಲಿತಾಂಶವನ್ನು ದಂಡೆಯ ಊರುಗಳಿಗೆ ಕನ್ನಡದಲ್ಲಿ ತಿಳಿಸಿ. ಲಾರಿಯವನ ಮೇಲೆ ಕೇಸು ಹಾಕಿ. ಯಲ್ಲಕ್ಕನ ಪರಿಹಾರದ ಆದೇಶವನ್ನು ಅವಳ ಕುರಿಹಟ್ಟಿಗೆ ನೀವೇ ತಂದುಕೊಡಿ. ನಿಂತೇ ಕೊಡಬೇಕಾದೀತು, ಅಲ್ಲಿ ಕುರ್ಚಿಯಿಲ್ಲ.

ಇಂತಿ,
ನಿಮ್ಮ ಮಾತನ್ನು ಊರಿಗೆ ನಂಬಿಸಿ, ಈಗ ಊರಲ್ಲಿ ತಲೆ ತಗ್ಗಿಸಿ ಓಡಾಡುವ
ಭೀಮಶಿ, ಟಿ.ವಿ. ರಿಪೇರಿಯವ, ಅಂಕಲಗಿ