ಅಕ್ಕನ ಮದುವೆಗೆ ತಮ್ಮನ ಒಪ್ಪಿಗೆ

ಸೆಗಯಾ, ಮನಾಮ

ತಮ್ಮ ಇರ್ಷಾದ್‌ಗೆ ಸಲಾಂ.

ನಿನ್ನೆ, ನಾನು ಮದುವೆಯಾಗಲಿರುವ ಹಂಝಾ ಅವರೊಂದಿಗೆ ನಿಖಾ ನೋಂದಣಿಗೆಂದು ಷರೀಅತ್ ಕೋರ್ಟಿಗೆ ಹೋಗಿದ್ದೆ.

“ಹುಡುಗಿಯನ್ನು ಮದುವೆ ಮಾಡಿಕೊಡುವ ವಲಿ ಯಾರು?” ಎಂದು ಗುಮಾಸ್ತ ಕೇಳಿದ. ನಲವತ್ತೊಂದರ ವಿಧವೆ ನಾನು, ಹುಡುಗಿಯಂತೆ! ಬಾಪ ತೀರಿಹೋಗಿದ್ದಾರೆ, ಊರಲ್ಲಿ ಒಬ್ಬ ತಮ್ಮ ಇದ್ದಾನೆ ಎಂದೆ.

“ಹಾಗಾದರೆ ತಮ್ಮನ ಒಪ್ಪಿಗೆ ಬೇಕು.”

ಫೋನ್ ಮಾಡಿದರೆ ನೀನು, “ಈ ಪ್ರಾಯದಲ್ಲಿ ನಿಮಗೆ ಎಂತ ಮದುವೆ ಅಕ್ಕಾ? ನಾನು ಒಪ್ಪುದಿಲ್ಲ” ಅಂದೆ.

ಬಾಪ ಹೋದಾಗ ನಿನಗೆ ಆರು ವರ್ಷ. ಶಾಲೆಯಲ್ಲಿ ನಿನ್ನ ಪೋಷಕಿ ಎಂದು ಸಹಿ ಹಾಕಿದವಳು ನಾನು. ಈಗ ನನ್ನ ಬದುಕಿಗೆ ನೀನು ಯಜಮಾನನೇ?

ಸರಿಯಾದ ಕಾರಣವಿಲ್ಲದೆ ವಲಿ ತಡೆದರೆ ಖಾಝಿಯೇ ಆ ಸ್ಥಾನದಲ್ಲಿ ನಿಲ್ಲಬಹುದಂತೆ. ನಿನ್ನ ಮೇಲೆ ದೂರು ಕೊಟ್ಟು ಬಂದಿದ್ದೇನೆ. ಭಾನುವಾರ ಖಾಝಿ ಕರೆ ಮಾಡುತ್ತಾರೆ, ಫೋನ್ ಎತ್ತು. ನನಗೆ ಕೊಟ್ಟ ಉತ್ತರವನ್ನೇ ಅವರಿಗೂ ಕೊಡು. ನಾನು ಇನ್ನು ನಿನ್ನನ್ನು ಕೇಳುವುದಿಲ್ಲ.

ಇಂತಿ,
ಝುಬೈದಾ