ಬೆಳಕು ಹಾಕಿ ಹಿಡಿಯುವವಳು

ರೂಪೇಶಣ್ಣನಿಗೆ,

ನೀನು ಫೋನು ಎತ್ತುವುದಿಲ್ಲವಲ್ಲ, ಅದಕ್ಕೆ ಈ ಕಾಗದ. ಜಗಳವಾಡಿದ್ದು ತುಳುವಿನಲ್ಲಿ. ತಪ್ಪಾಯಿತು ಎಂದು ಬರೆಯಲು ಶಾಲೆಯಲ್ಲಿ ಕಲಿತ ಕನ್ನಡ ಬೇಕಾಯಿತು.

ಮೂರು ತಿಂಗಳ ಹಿಂದೆ ಪೇಪರಿನಲ್ಲಿ ನನ್ನ ಫೋಟೊ ಬಂತು. 'ಬೆಳಕಿನಿಂದ ಹಿಡಿಯುವ ಕಾಪುವಿನ ಯುವತಿ' ಎಂದು ದಪ್ಪಕ್ಷರ. ದೊಡ್ಡ ಬೋಟಿನವರು ಕಡಲಿಗೆ ಲೈಟು ಬಿಟ್ಟು ಮರಿ ಮೀನನ್ನೂ ಬಾಚಿಕೊಂಡು ಹೋಗುತ್ತಾರೆಂದು ನಾಡದೋಣಿಯವರನ್ನೆಲ್ಲ ಸೇರಿಸಿ ಮೆರವಣಿಗೆ ಮಾಡಿದವನು ನೀನು. ಆ ಪೇಪರನ್ನು ದಡದಲ್ಲಿ ನಿನ್ನೆದುರೇ ಯಾರೋ ಓದಿ ನಕ್ಕರಂತೆ. ನೀನು ಫೋನು ಮಾಡಿ, "ಎಂತ ದೀಕ್ಷಿತಾ, ನೀನೂ ಬೆಳಕು ಹಾಕಿಯೇ ಹಿಡಿಯುವುದಾ?" ಎಂದು ಕೇಳಿದೆ. ನಾನು ವಿವರಿಸಬೇಕಿತ್ತು. ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಲ್ಯಾಬಿನ ಗೆಳತಿ ಆನಿಗೂ ಹೇಳಿ ನಗಿಸಿದ್ದು ನಿನಗೆ ಕೇಳಿಸಿತು.

ನಾನು ಹಿಡಿಯುವುದು ಮೀನಲ್ಲ ಮಾರಾಯ. ಒಂದು ಹನಿ ರಕ್ತದಲ್ಲಿರುವ ಕೋಟಿಗಟ್ಟಲೆ ಕೆಂಪು ಕಣಗಳಲ್ಲಿ ಒಂದೇ ಒಂದು. ಲೇಸರ್ ಬೆಳಕನ್ನು ಸೂಜಿಮೊನೆಗಿಂತ ಸಣ್ಣ ಜಾಗದಲ್ಲಿ ಕೂಡಿಸಿದರೆ ಕಣ ಅಲ್ಲಿಗೇ ಬಂದು ನಿಲ್ಲುತ್ತದೆ. ಕೈ ಮುಟ್ಟಿಸದೆ ಹಿಡಿದು, ಮೆಲ್ಲನೆ ಎಳೆದು, ಅದು ಮೆತ್ತಗಿದೆಯೇ, ಕಾಯಿಲೆಯಿಂದ ಬಿಗಿದುಕೊಂಡಿದೆಯೇ ಎಂದು ನೋಡುತ್ತೇವೆ.

ಮಣಿಪಾಲದ ಈ ಕೋಣೆಗೆ ಕಿಟಕಿಯಿಲ್ಲ, ಸುತ್ತ ಕಪ್ಪು ಪರದೆ. ಓದು ಮುಗಿಸಿ ಆನಿಯೂ ಹೋದಳು. ಈಗ ದಿನವಿಡೀ ನಾನು ಮತ್ತು ಸ್ಕ್ರೀನಿನಲ್ಲಿ ನಡುಗುವ ಕಣ. ಅದರ ಹತ್ತಿರವೇ ತುಳು ಮಾತಾಡುತ್ತೇನೆ, ಹುಚ್ಚಿ ಅನ್ನಬೇಡ. ತುಂಬ ಒಂಟಿ ಅನ್ನಿಸುತ್ತದೆ ಅಣ್ಣ. ಭಾನುವಾರ ನೀನು ಬಸ್ಸಿನಲ್ಲಿ ಬಂಗುಡೆ ಸಾರಿನ ಡಬ್ಬಿ ಕಳಿಸುತ್ತಿದ್ದೆಯಲ್ಲ, ಈಗಲೂ ಆ ಹೊತ್ತಿಗೆ ಬಸ್‌ಸ್ಟ್ಯಾಂಡಿಗೆ ಹೋಗುತ್ತೇನೆ. ಕಂಡಕ್ಟರ್ ಇಲ್ಲವೆಂದು ತಲೆಯಾಡಿಸುತ್ತಾನೆ, ನಾನು ಹಾಸ್ಟೆಲಿಗೆ ವಾಪಸಾಗುತ್ತೇನೆ.

ಅವತ್ತು ಹೇಳಬೇಕಿದ್ದ ಒಂದು ಮಾತು ಉಳಿದಿದೆ. ನೋಡಿ ಮುಗಿದ ಮೇಲೆ ನಾವು ಬೆಳಕು ಆರಿಸುತ್ತೇವೆ. ಕಣ ತನ್ನ ಪಾಡಿಗೆ ತೇಲಿಕೊಂಡು ಹೋಗುತ್ತದೆ. ಪ್ರತಿ ಸಲ ಆಗ ನಿನ್ನ ನೆನಪಾಗುತ್ತದೆ. ನಾನು ಸಣ್ಣವಳಿದ್ದಾಗ ನೀನು ಬಲೆಗೆ ಬಿದ್ದ ಮರಿ ಮೀನನ್ನು ನನ್ನ ಬೊಗಸೆಗೆ ಹಾಕಿ, "ನೀರಿಗೆ ಬಿಡು, ದೊಡ್ಡದಾಗಿ ಬರಲಿ" ಅನ್ನುತ್ತಿದ್ದೆ. ಬಿಡುವುದನ್ನು ನಾನು ಕಲಿತದ್ದು ಈ ಕೋಣೆಯಲ್ಲಿ ಅಲ್ಲ.

ಬರುವ ಭಾನುವಾರ ಡಬ್ಬಿ ಬೇಡ, ನೀನೇ ಬಾ. ಒಂದು ಕಣ ಹಿಡಿದಿಟ್ಟಿರುತ್ತೇನೆ. ಬೆಳಕು ನೀನೇ ಆರಿಸು.

ಕಡಲು ನಿನ್ನನ್ನು ದಿನವೂ ಸುಖವಾಗಿ ದಡ ಮುಟ್ಟಿಸಲಿ.

ನಕ್ಕು ತಪ್ಪು ಮಾಡಿದ ನಿನ್ನ ತಂಗಿ,
ದೀಕ್ಷಿತಾ